ಕನ್ನಡಿಯೊಳಗಿನ ದತ್ತಾಂಶ

ಹೋದ ವರ್ಷ ಸರ್ಕಾರಿ ಇಲಾಖೆಯೊಂದರ ಜಾಲತಾಣದಿಂದ, ಮನೆ ಕಟ್ಟಿಕೊಳ್ಳಲು ಸಹಾಯಧನ ಪಡೆದವರ ಪಟ್ಟಿಯನ್ನು ಇಳಿಸಿಕೊಂಡೆ. ಸಾವಿರಾರು ಸಾಲುಗಳಿದ್ದ ಆ ಕಡತದಲ್ಲಿ ನಮ್ಮೂರಿನ ಹೆಸರನ್ನು ಟೈಪಿಸಿ ಹುಡುಕಿದರೆ ಒಂದು ಕಡೆಯೂ ಸಿಗಲಿಲ್ಲ. ಪುಟಗಳನ್ನು ಒಂದೊಂದಾಗಿ ಸರಿಸುತ್ತ ಹೋದಾಗ ಅದೇ ಹೆಸರು ಅಚ್ಚುಕಟ್ಟಾದ ಕನ್ನಡದಲ್ಲಿ ಕಣ್ಣೆದುರೇ ಇತ್ತು. ಕಣ್ಣಿಗೆ ಕಾಣುವುದು ಯಂತ್ರಕ್ಕೆ ಕಾಣದಿರುವ ಈ ಸಂಗತಿಯನ್ನು ಸಣ್ಣ ತಾಂತ್ರಿಕ ತೊಡಕೆಂದು ತಳ್ಳಿಹಾಕುವವರೇ ಹೆಚ್ಚು. ಜಾಲತಾಣಕ್ಕೆ ಹಾಕಿದ ಮೇಲೆ ಮಾಹಿತಿ ಜನರದಾಯಿತು ಎಂಬ ನಂಬಿಕೆ ಎಷ್ಟು ಪೊಳ್ಳೆಂಬುದನ್ನು ನನಗೆ ತೋರಿಸಿಕೊಟ್ಟದ್ದು ಆ ತೊಡಕೇ.

ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಕೊಡುವ ಏಕರೂಪದ ವ್ಯವಸ್ಥೆ ಯೂನಿಕೋಡ್. ಆ ಕಡತ ಸಿದ್ಧವಾಗಿದ್ದದ್ದು ಯೂನಿಕೋಡ್ ಅಲ್ಲದ, ‘ನುಡಿ’ ಎಂಬ ಹಳೆಯ ಫಾಂಟಿನಲ್ಲಿ. ಅಂಥ ಫಾಂಟುಗಳು ಇಂಗ್ಲಿಷ್ ಮತ್ತಿತರ ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕೃತಿಗಳನ್ನು ಹೊದಿಸುತ್ತವೆ. ‘ಕನ್ನಡ’ ಎಂಬ ಪದ ಅಲ್ಲಿ ಏಳು ಸಂಕೇತಗಳಾಗಿ ಕೂರುತ್ತದೆ: ದೊಡ್ಡಕ್ಷರದ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣಕ್ಷರದ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಯೂನಿಕೋಡಿನಲ್ಲಿ ಇದೇ ಪದಕ್ಕೆ ಐದು ಸಂಕೇತ ಸಾಕು: ಕ, ನ, ಒತ್ತಕ್ಷರ ಮಾಡುವ ಹಲಂತದ ಗುರುತು, ನ, ಡ. ಒತ್ತಾಗಿ ಕೆಳಗಿಳಿದ ನಕಾರವೂ ನಕಾರವೇ ಎಂಬುದು ಆಗ ಯಂತ್ರಕ್ಕೆ ತಿಳಿದಿರುತ್ತದೆ. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತ್ತು. ಆದರೆ ಕಚೇರಿಯ ಯಂತ್ರಗಳು ಅದನ್ನು ಸರಿಯಾಗಿ ತೋರಿಸಲು ಹಲವು ವರ್ಷ ಬೇಕಾದವು, ಆ ನಡುವಿನ ಕಾಲದಲ್ಲಿ ಕನ್ನಡವನ್ನು ಕಚೇರಿಗಳಲ್ಲಿ ಉಳಿಸಿದ ಹಿರಿಮೆ ಈ ಹಳೆಯ ಫಾಂಟುಗಳದ್ದೇ.

ಬಯಲಾಟದ ವೇಷವನ್ನು ನೆನೆಯಿರಿ. ಹೊರಗಿನಿಂದ ಕನ್ನಡ, ಒಳಗೆ ಲ್ಯಾಟಿನ್. ಫಾಂಟೆಂಬ ಬಣ್ಣ ಕಳಚಿದ ಕೂಡಲೇ ಅರ್ಥವಿಲ್ಲದ ಗುರುತುಗಳ ಸಾಲು ಎದುರಾಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಇನ್ನೂ ಒಂದು ಮೆಟ್ಟಿಲು ಕೆಳಗಿನದು, ಅಲ್ಲಿ ವೇಷಧಾರಿಯೂ ಇಲ್ಲ, ಅವನ ಫೋಟೋ ಮಾತ್ರ ಇದೆ. ಕನ್ನಡಿಯೊಳಗಿನ ಗಂಟು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ: ನೋಡಬಹುದು, ಎಣಿಸಲಾಗದು, ವಿಂಗಡಿಸಲಾಗದು, ಇನ್ನೊಂದು ಪಟ್ಟಿಯ ಜೊತೆ ತಾಳೆ ಹಾಕಲಾಗದು.

ಸರ್ಕಾರದ ಕಡತ ಜನರಿಗೆ ತೆರೆದಿರಬೇಕೆಂಬ ಆಲೋಚನೆ ಹಳೆಯದು. ಆಂಡರ್ಸ್ ಷೂಡೇನಿಯಸ್ ಎಂಬ ಪಾದ್ರಿಯ ಒತ್ತಾಸೆಯಿಂದ ಸ್ವೀಡನ್ 1766ರಲ್ಲೇ ಅದನ್ನು ಕಾನೂನಾಗಿಸಿತು. 2007ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್ ಪಟ್ಟಣದಲ್ಲಿ ಸೇರಿದ ಸುಮಾರು 30 ಮಂದಿ ಮುಕ್ತ ದತ್ತಾಂಶಕ್ಕೆ, ಅಂದರೆ ಯಾರು ಬೇಕಾದರೂ ಪಡೆದು ಬಳಸಬಹುದಾದ ಸರ್ಕಾರಿ ಮಾಹಿತಿಗೆ, ಎಂಟು ತತ್ತ್ವಗಳನ್ನು ಬರೆದರು. ಅಮೆರಿಕ 2009ರಲ್ಲಿ, ಬ್ರಿಟನ್ 2010ರಲ್ಲಿ, ಕೀನ್ಯಾ 2011ರಲ್ಲಿ, ಭಾರತ 2012ರಲ್ಲಿ ತಮ್ಮ ತಮ್ಮ ದತ್ತಾಂಶ ತಾಣಗಳನ್ನು ತೆರೆದವು. ದತ್ತಾಂಶ ಯಂತ್ರ ಓದುವಂತಿರಬೇಕು, ಸಕಾಲಿಕವಾಗಿರಬೇಕು, ಭೇದವಿಲ್ಲದೆ ಸಿಗಬೇಕು ಎನ್ನುವ ಆ ಎಂಟರಲ್ಲಿ ಒಂದೂ ಓದುವವರ ಭಾಷೆಗೆ ಮೀಸಲಾಗಿಲ್ಲ. ನಮ್ಮ 2005ರ ಮಾಹಿತಿ ಹಕ್ಕು ಕಾಯಿದೆ ಈ ವಿಷಯದಲ್ಲಿ ಮುಂದಿದೆ, ಅದರ 4(4)ನೇ ಕಲಂ ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು ಬಾಯಿಬಿಟ್ಟು ಹೇಳುತ್ತದೆ.

ಆದರೆ ಭಾಷೆಯೊಂದರಿಂದಲೇ ಸಮಾನತೆ ಬರುವುದಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕನ್ನಡದಲ್ಲೇ ಮುದ್ರಿಸಿ ಕೊಟ್ಟಿತು. ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ವಾರಗಟ್ಟಲೆ ಅಲೆಯುತ್ತಿದ್ದವರಿಗೆ ಅದು ನಿಜವಾದ ಬಿಡುಗಡೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಹೊರತಂದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು: ಒಂದೆಡೆ ಕಲೆಹಾಕಿದ ದಾಖಲೆಗಳು ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಖರೀದಿಸುವವರ ಕೆಲಸವನ್ನೂ ಹಗುರಗೊಳಿಸಿದ್ದವು. ನಾಲ್ಕೆಕರೆಯ ರೈತ ತನ್ನ ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ತೀರಿದ್ದು ನಮೂದಾಗಿದೆಯೇ ಎಂದು ನೋಡುತ್ತಾನೆ, ದೊಡ್ಡ ಖರೀದಿದಾರನ ಕಡೆಯವರು ಇಡೀ ಹೋಬಳಿಯ ಸರ್ವೆ ನಂಬರುಗಳನ್ನು ಮುಂದಿಟ್ಟುಕೊಂಡು ಯಾರ ಖಾತೆ ತಕರಾರಿನಲ್ಲಿದೆ, ಯಾರು ಸಾಲದಲ್ಲಿದ್ದಾರೆ ಎಂದು ಲೆಕ್ಕ ಹಾಕಬಲ್ಲರು. ಬಾವಿ ಊರಿಗೆಲ್ಲ ಒಂದೇ ಆದರೂ ಹಗ್ಗ ಇದ್ದವನಿಗೆ ನೀರು, ಪಂಪು ಇದ್ದವನಿಗೆ ತೋಟ. ಕೆನಡಾದ ವಿದ್ವಾಂಸ ಮೈಕೆಲ್ ಗುರ್‌ಸ್ಟೈನ್ 2011ರಲ್ಲಿ ಈ ‘ಭೂಮಿ’ಯ ಉದಾಹರಣೆಯನ್ನೇ ಎತ್ತಿಕೊಂಡು, ಮುಕ್ತ ದತ್ತಾಂಶವು ಬಲವುಳ್ಳವರಿಗೇ ಇನ್ನಷ್ಟು ಬಲ ತುಂಬುತ್ತಿದೆಯೇ ಎಂದು ಜಗತ್ತನ್ನು ಕೇಳಿದರು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ 260 ಕೋಟಿ ಜನ ಇನ್ನೂ ಅಂತರ್ಜಾಲದ ಹೊರಗಿರುವಾಗ ಆ ಪ್ರಶ್ನೆ ಹಳತಾಗಿಲ್ಲ.

ಜಾಲತಾಣವಿಲ್ಲದೆಯೂ ಮಾಹಿತಿ ಜನರದಾದ ನಿದರ್ಶನಗಳಿವೆ. ಉಗಾಂಡದಲ್ಲಿ 1991ರಿಂದ 1995ರವರೆಗೆ ಪ್ರಾಥಮಿಕ ಶಾಲೆಗಳ ತಲಾವಾರು ಅನುದಾನದಲ್ಲಿ ಸರಾಸರಿ ಶೇ. 13 ಮಾತ್ರ ಶಾಲೆ ಮುಟ್ಟುತ್ತಿತ್ತು. ಬಿಡುಗಡೆಯಾದ ಹಣದ ವಿವರವನ್ನು ಪತ್ರಿಕೆಗಳಲ್ಲಿ ಅಚ್ಚುಹಾಕಿ, ಶಾಲೆಗಳಲ್ಲಿಯೂ ಪ್ರಕಟಿಸತೊಡಗಿದ ಮೇಲೆ, ಇತರ ಸುಧಾರಣೆಗಳೂ ಸೇರಿ, 2001ರ ಹೊತ್ತಿಗೆ ಅದು ಶೇ. 80ನ್ನು ದಾಟಿತು. ರಾಜಸ್ಥಾನದ ಕೋಟ್ ಕಿರಾನಾದಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ನಡೆಸಿದ ಮೊದಲ ಜನಸುನವಾಯಿಯಲ್ಲಿ, ಅಂದರೆ ಊರವರೆದುರಿನ ಬಹಿರಂಗ ವಿಚಾರಣೆಯಲ್ಲಿ, ಕೂಲಿಯ ಹಾಜರಿ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಆ ಪಟ್ಟಿಯ ತಪ್ಪು ಹಿಡಿಯಲು ಅಕ್ಷರ ಬರಬೇಕಾಗಿರಲಿಲ್ಲ, ನೆರೆಹೊರೆಯ ನೆನಪು ಸಾಕಾಗಿತ್ತು.

ನನ್ನ ಕಡತವನ್ನು ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಯೂನಿಕೋಡಿಗೆ ತಂದೆ. ಒತ್ತಕ್ಷರಗಳು ಕೆಲವೆಡೆ ಒಡೆದಿದ್ದವು, ಅವನ್ನು ಕೈಯಿಂದ ತಿದ್ದಿದ ಮೇಲೆ ನಮ್ಮೂರಿನ ಹೆಸರು 14 ಸಾಲುಗಳಲ್ಲಿ ಸಿಕ್ಕಿತು. ಸಂಜೆ ಹಾಲು ಹಾಕಲು ಡೇರಿಗೆ ಬಂದಿದ್ದವರ ನಡುವೆ ಅದನ್ನು ಓದಿದೆ. ಆರನೆಯ ಹೆಸರು ಬಂದಾಗ ಕ್ಯಾನು ಕೆಳಗಿಟ್ಟು ಒಬ್ಬ ಅಜ್ಜಿ ತಡೆದರು: “ಇನ್ನೊಂದ್ಸಲ ಓದಪ್ಪ, ಆ ಹೆಸ್ರಿನೋರು ನಮ್ಮೂರಲ್ಲಿ ಯಾರೂ ಇಲ್ವಲ್ಲ.”