ಹಿಂದಿನ ಆಕ್ಸಲ್ ಶಾಫ್ಟಿನಲ್ಲಿ ಎಣ್ಣೆ ಸೋರಿದರೆ: ಸೀಲಿಗೆ ಕೈ ಹಾಕುವ ಮೊದಲು ಬ್ರೀದರ್ ನೋಡಿ

ಮುಳ್ಳೇರಿಯ ಕಡೆಯ ಅಡಿಕೆ ತೋಟದವರ ಗಾಡಿ, ಇಪ್ಪತ್ತು ವರ್ಷ ಹಳೆಯ ಎಸ್‌ಯುವಿ. ಬಲಬದಿಯ ಹಿಂದಿನ ಚಕ್ರದ ಒಳಮೈಗೆ ಕಪ್ಪು ಎಣ್ಣೆ ಇಳಿದಿತ್ತು. ಮೂರು ವಾರದ ಹಿಂದೆಯಷ್ಟೇ ನಾನೇ ಅದಕ್ಕೆ ಹೊಸ ಸೀಲು (ಶಾಫ್ಟಿನ ಸುತ್ತ ಕೂತು ಎಣ್ಣೆಯನ್ನು ತಡೆಯುವ ಬಳೆ) ಹಾಕಿದ್ದೆ. "ಸೀಲು ಡೂಪ್ಲಿಕೇಟ್ ಇರಬೇಕು" ಎಂದೆ. ಮೇಸ್ತ್ರಿ ಉತ್ತರ ಕೊಡದೆ ಗಾಡಿಯಡಿ ಮಲಗಿ, ಆಕ್ಸಲ್ ಹೌಸಿಂಗಿನ (ಶಾಫ್ಟು, ಎಣ್ಣೆ ಇರುವ ಕವಚ) ಮೇಲಿದ್ದ ಸಣ್ಣ ಬ್ರೀದರನ್ನು, ಅಂದರೆ ಗಾಳಿ ಹೋಗುವ ನಳಿಕೆಯನ್ನು, ಬಿಚ್ಚಿ ನನ್ನ ಅಂಗೈಗಿಟ್ಟರು. "ಅಡಿಯಿಂದ ಊದು." ಊದಿದೆ, ಗಾಳಿ ಹೋಗಲಿಲ್ಲ. ತಂತಿಯಲ್ಲಿ ಚುಚ್ಚಿದಾಗ ಒಣಗಿದ ಕೆಂಪು ಮಣ್ಣು ಪುಡಿಪುಡಿಯಾಗಿ ಉದುರಿತು.

ಈ ಕೆಲಸ ಕಲಿಯುತ್ತಿರುವವರು ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ಇದನ್ನೇ. ಗಾಡಿ ಓಡಿದಂತೆ ಹೌಸಿಂಗಿನೊಳಗಿನ ಎಣ್ಣೆ, ಗಾಳಿ ಎರಡೂ ಬಿಸಿಯಾಗುತ್ತವೆ. ಬಿಸಿಯಾದ ಗಾಳಿ ಹಿಗ್ಗಿ ಬ್ರೀದರಿನಿಂದ ಹೊರಹೋಗಬೇಕು. ಆ ದಾರಿ ಮುಚ್ಚಿದರೆ ಒಳಗಿನ ಒತ್ತಡವೆಲ್ಲ ಸೀಲಿನ ತೆಳು ತುಟಿಯ ಮೇಲೆ ಬಿದ್ದು, ಎಣ್ಣೆ ಅಲ್ಲಿಂದ ನುಗ್ಗುತ್ತದೆ. ಎಷ್ಟು ಒಳ್ಳೆಯ ಸೀಲು ಹಾಕಿದರೂ ಅದೇ ಕಥೆ. ಇನ್ನೊಂದು ಅಪಾಯವೂ ಇದೆ. ಮಳೆಗಾಲದಲ್ಲಿ ನಮ್ಮವರು ತೋಟಕ್ಕೆ ಹೋಗಲು ತೋಡಿಗೇ ಗಾಡಿ ಇಳಿಸುತ್ತಾರೆ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸೀಲಿನ ಸಂದಿಯಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಡ್ರೈನ್ ಮಾಡಿದ ಎಣ್ಣೆ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಹೊಕ್ಕಿದೆ ಎಂದೇ ಲೆಕ್ಕ. ಎಣ್ಣೆ ಅಳತೆಗಿಂತ ಹೆಚ್ಚು ತುಂಬಿದ್ದರೂ ಸೋರುತ್ತದೆ, ಅದನ್ನೂ ನೋಡಿ.

ಸೋರಿದ್ದು ಯಾವುದು ಎಂದು ಗೊತ್ತಾಗದೆ ಪಾನಾ ಹಿಡಿಯಬೇಡಿ. ಗೇರ್ ಆಯಿಲ್ ದಪ್ಪ, ಗಂಧಕದ ಘಾಟು ವಾಸನೆ. ಬ್ರೇಕ್ ಆಯಿಲ್ ನೀರಿನಷ್ಟು ತೆಳು. ಅದು ಸೋರಿದ್ದರೆ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಮಟ್ಟ ಇಳಿದಿರುತ್ತದೆ, ತಪ್ಪು ಡ್ರಮ್ಮಿನೊಳಗೆ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನದ್ದು. ಬ್ರೇಕ್ ಹಿಡಿದಾಗ ಗಾಡಿ ಒಂದು ಬದಿಗೆ ಎಳೆಯುವುದು, ಹ್ಯಾಂಡ್‌ಬ್ರೇಕ್ ನಿಲ್ಲದಿರುವುದು ಯಾವ ಎಣ್ಣೆ ಸೋರಿದರೂ ಕಾಣುತ್ತದೆ. ಬಂದಡ್ಕ, ಪಾಣತ್ತೂರಿನಂಥ ಇಳಿಜಾರಿನಲ್ಲಿ ಅಂಥ ಗಾಡಿ ಓಡಿಸಲು ಬಿಡಲೇಬಾರದು.

ಇಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸೆಮಿ ಫ್ಲೋಟಿಂಗ್ ಆಕ್ಸಲ್. ಎಂದರೆ ಶಾಫ್ಟು ಚಕ್ರವನ್ನು ತಿರುಗಿಸುವುದಷ್ಟೇ ಅಲ್ಲ, ಗಾಡಿಯ ಭಾರವನ್ನೂ ಹೊರುತ್ತದೆ. ಹೊರತುದಿಯ ಬೇರಿಂಗೇ ಅದಕ್ಕೆ ಆಧಾರ. ಬೇರಿಂಗ್ ಸವೆದರೆ ಶಾಫ್ಟು ಅಲುಗುತ್ತದೆ, ಅಲುಗಿದರೆ ಸೀಲಿನ ತುಟಿ ಒಂದು ಬದಿಗೆ ಸವೆಯುತ್ತದೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುವುದು ಅದಕ್ಕಾಗಿ.

ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಿ, ಹೌಸಿಂಗಿನಡಿ ಸ್ಟ್ಯಾಂಡ್ ಕೊಡಿ. ಜಾಕಿಯೊಂದನ್ನೇ ನಂಬಿ ಗಾಡಿಯಡಿ ಹೋಗುವುದು ಬೇಡ. ಚಕ್ರ, ಡ್ರಮ್ ತೆಗೆದ ಮೇಲೆ ಒಳಗಿನ ಪುಡಿಯನ್ನು ಕಂಪ್ರೆಸರಿನಿಂದ ಊದಬೇಡಿ. ಹಳೆಯ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಮಾಡಿ ಒರೆಸಿ. ಕೆಲವು ಗಾಡಿಗಳಲ್ಲಿ ಶಾಫ್ಟನ್ನು ಡಿಫರೆನ್ಶಿಯಲ್ಲಿನೊಳಗಿನ (ಎರಡು ಶಾಫ್ಟುಗಳ ನಡುವಿನ ಗೇರ್ ಗುಂಪು) ಸಿ ಕ್ಲಿಪ್ ಹಿಡಿದಿರುತ್ತದೆ. ಅದಕ್ಕೆ ಹಿಂದಿನ ಕವರ್ ಬಿಚ್ಚಬೇಕು. ನಮ್ಮದರಲ್ಲಿ ಶಾಫ್ಟನ್ನು ಹಿಡಿದಿಡುವ ಹೊರತುದಿಯ ರಿಟೈನರ್ ಪ್ಲೇಟಿಗೆ ನಾಲ್ಕು ನಟ್. ಅವನ್ನು ಬಿಚ್ಚಿ ಸ್ಲೈಡ್ ಹ್ಯಾಮರಿನಿಂದ (ಜಾರುವ ಭಾರದ ಹೊಡೆತದಿಂದ ಎಳೆಯುವ ಸಲಕರಣೆ) ಶಾಫ್ಟನ್ನು ಎಳೆದೆವು. ಪ್ಲೇಟಿನ ಹಿಂದೆ ತೆಳು ಶಿಮ್ (ಸಂದಿ ಹೊಂದಿಸುವ ತಗಡು) ಇದ್ದರೆ ಎಡದ್ದು ಬಲದ್ದು ಬೇರೆಬೇರೆ ಇಡಿ. ಶಾಫ್ಟು ಒಳಹೊರಗೆ ಎಷ್ಟು ಅಲುಗಬಹುದು ಎಂಬುದು ಅದರ ಮೇಲೆ ನಿಂತಿದೆ.

ಶಾಫ್ಟನ್ನು ಒರೆಸಿ, ಸೀಲಿನ ತುಟಿ ಕೂರುವ ಜಾಗದ ಮೇಲೆ ಉಗುರನ್ನು ನಿಧಾನ ಎಳೆಯಿರಿ. ನಮ್ಮ ಶಾಫ್ಟಿನಲ್ಲಿ ಉಗುರು ಸಿಕ್ಕಿ ನಿಂತಿತು, ಸುತ್ತಲೂ ಕೂದಲೆಳೆಯಂಥ ಗೆರೆ. ಕಣ್ಣಿಗೆ ಹೊಳಪಾಗಿಯೇ ಕಾಣುತ್ತಿತ್ತು. ಮೊದಲ ಸಲ ಸೀಲು ಹಾಕಿದಾಗ ನಾನಿದನ್ನು ನೋಡಿಯೇ ಇರಲಿಲ್ಲ. ಇಂಥ ಗೆರೆಯ ಮೇಲೆ ತೆಳು ಉಕ್ಕಿನ ರಿಪೇರ್ ಸ್ಲೀವ್ ಹಾಕಬಹುದು. ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ತುಟಿಗೆ ಹೊಸ ಮೈ ಕೊಡಬಹುದು. ಗೆರೆ ಆಳವಾಗಿದ್ದರೆ ಶಾಫ್ಟನ್ನೇ ಬದಲಿಸಬೇಕು.

ಬೇರಿಂಗ್ ಬದಲಿಸುವುದಿದ್ದರೆ ಅದನ್ನು ಹಿಡಿದ ಕಾಲರನ್ನು (ಶಾಫ್ಟಿಗೆ ಬಿಗಿಯಾಗಿ ಕೂತ ಉಕ್ಕಿನ ಬಳೆ) ಗ್ಯಾಸಿನಲ್ಲಿ ಕಾಯಿಸಬೇಡಿ, ಶಾಫ್ಟಿನ ಹದ ಹೋಗುತ್ತದೆ. ಶಾಫ್ಟಿಗೆ ತಾಗದಷ್ಟು ಆಳಕ್ಕೆ ಡ್ರಿಲ್ ಹಾಕಿ, ಉಳಿಯಿಂದ ಹೊಡೆದು ಸೀಳಿ. ಹೊಸ ಕಾಲರನ್ನು ಪ್ರೆಸ್ಸಿನಲ್ಲೇ ಕೂರಿಸಿ. ಹಳೆಯದನ್ನು ಮತ್ತೆ ಹಾಕುವ ಮಾತೇ ಇಲ್ಲ.

ಸೀಲಿನ ಮೇಲೆ ಮೂರು ಅಂಕೆ ಇರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ಅಂಗಡಿಗೆ ಹಳೆಯದನ್ನು ಒಯ್ದು ಅಂಕೆ ಹೋಲಿಸಿ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಒಳಕ್ಕೆ. ತುಟಿಗೆ ಗೇರ್ ಆಯಿಲ್ ಸವರಿ, ಸೀಲಿನ ಹೊರ ಅಂಚಿಗಷ್ಟೇ ತಾಗುವ ಕೊಳವೆಯಿಟ್ಟು ಸುತ್ತಲೂ ಸಮನಾಗಿ ತಟ್ಟಿ. ಶಾಫ್ಟು ಒಳಗೆ ಹಾಕುವಾಗ ಒಂದು ಕೈ ಅದರ ಹೊಟ್ಟೆಯಡಿ ಇರಲಿ; ತುದಿಯ ಹಲ್ಲು ತುಟಿಗೆ ಉಜ್ಜಿದರೆ ಹೊಸ ಸೀಲು ಅಲ್ಲೇ ಹರಿಯುತ್ತದೆ.

ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಎರಡೂ ಬದಿಯದ್ದನ್ನು ಒಟ್ಟಿಗೆ ಬದಲಿಸಿ.

ಎಣ್ಣೆ ಬದಲಿಸುವಾಗ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್. ಫಿಲ್ಲರ್ ತುಕ್ಕು ಹಿಡಿದು ಬಾರದಿದ್ದರೆ ಖಾಲಿ ಹೌಸಿಂಗ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಮ್ಯಾನ್ಯುವಲ್ ಹೇಳಿದ ಗ್ರೇಡನ್ನೇ ಹಾಕಿ (ಹೆಚ್ಚಿನವಕ್ಕೆ ಜಿಎಲ್-5 ದರ್ಜೆಯ, 80ಡಬ್ಲ್ಯೂ-90 ದಪ್ಪದ ಗೇರ್ ಆಯಿಲ್), ಗಾಡಿ ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ಮಾತ್ರ.

ಆ ಗಾಡಿಯ ಬ್ರೀದರಿಗೆ ಮೇಸ್ತ್ರಿ ಉದ್ದದ ರಬ್ಬರ್ ಹೋಸ್ ಸೇರಿಸಿ, ಅದರ ಬಾಯನ್ನು ಚಾಸಿಯ ಮೇಲೆ, ತೋಡಿನ ನೀರು ಮುಟ್ಟದಷ್ಟು ಎತ್ತರಕ್ಕೆ ಕಟ್ಟಿದರು. ಚಕ್ರ ಕುಣಿದಾಗ ಎಳೆದು ಹರಿಯದಿರಲೆಂದು ನಡುವೆ ಒಂದು ಬಾಗು ಬಿಟ್ಟರು. ತಿಂಗಳ ಮೇಲೆ ಗಾಡಿ ಗ್ರೀಸಿಂಗಿಗೆ ಬಂದಾಗ ನಾನು ಡ್ರಮ್ಮಿನ ಹಿಂಬದಿಗೆ ಬಿಳಿ ಬಟ್ಟೆ ಒತ್ತಿ ನೋಡಿದೆ. ಬಟ್ಟೆಗೆ ಹತ್ತಿದ್ದು ಕೆಂಪು ಧೂಳು ಮಾತ್ರ.