ಸಮನಾಗಿ ಹರಡಿದ್ದೇ ವಿಚಿತ್ರ

ನೂರು ನಾಣ್ಯ ಚಿಮ್ಮಿದಾಗ ಎಲ್ಲವೂ ಹೆಡ್ ಬೀಳಲು ಇರುವುದು ಒಂದೇ ದಾರಿ. ಸರಿಯಾಗಿ ಐವತ್ತು ಹೆಡ್, ಐವತ್ತು ಟೇಲ್ ಬೀಳಲು 1ರ ಮುಂದೆ 29 ಸೊನ್ನೆ ಇಟ್ಟಷ್ಟು ದಾರಿಗಳಿವೆ. ಇಂಥ ದಾರಿಗಳ ಎಣಿಕೆಯ ಲಾಗರಿದಮ್ಮೇ ಎಂಟ್ರೊಪಿ. ವಿಯೆನ್ನಾದಲ್ಲಿ ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಸಮಾಧಿಯ ಮೇಲೆ ಕೆತ್ತಿರುವ ಸೂತ್ರ ಹೇಳುವುದೂ ಇದನ್ನೇ.

ಬೇರೆಬೇರೆಯಾಗಿ ಉಳಿಯುವುದಕ್ಕಿಂತ ಕಲಸಿಹೋಗಲು ದಾರಿಗಳು ಹೆಚ್ಚು, ಹಾಗಾಗಿ ಎಂಟ್ರೊಪಿ ಏರುತ್ತಲೇ ಹೋಗುತ್ತದೆ. ತೊಡಕೆಂದರೆ, ಈ ಎಣಿಕೆಗೆ ಕಾಲದ ದಿಕ್ಕು ಗೊತ್ತಿಲ್ಲ. ಅರೆಬರೆ ಕಲಸಿದ್ದು ನಾಳೆ ಇನ್ನಷ್ಟು ಕಲಸಿರುತ್ತದೆ ಎನ್ನುವ ತರ್ಕವೇ, ನಿನ್ನೆಯೂ ಇನ್ನಷ್ಟು ಕಲಸಿತ್ತು ಎಂದುಬಿಡುತ್ತದೆ! ಅದು ತಪ್ಪಬೇಕಾದರೆ ಆರಂಭದಲ್ಲಿ ಎಂಟ್ರೊಪಿ ತೀರಾ ಕಡಿಮೆಯಿತ್ತು ಎಂದು ಬೇರೆಯಾಗಿ ಸೇರಿಸಿಕೊಳ್ಳಲೇಬೇಕು.

ಆರಂಭದ ಕಾಲದ ಚಿತ್ರವೊಂದು ನಮ್ಮ ಬಳಿ ಇದೆ: ಮಹಾಸ್ಫೋಟದ ಸುಮಾರು 3,80,000 ವರ್ಷಗಳ ನಂತರ ಬಿಡುಗಡೆಯಾದ ಬೆಳಕು. ಆಗ ಅದರ ತಾಪ ಸುಮಾರು 3,000 ಕೆಲ್ವಿನ್, ಈಗ 2.725. ನಮ್ಮದೇ ಚಲನೆಯಿಂದಾಗುವ ಏರುಪೇರು ಕಳೆದರೆ, ಆಕಾಶದ ಯಾವ ಮೂಲೆಗೆ ಆಂಟೆನಾ ತಿರುಗಿಸಿದರೂ ಉಳಿಯುವ ವ್ಯತ್ಯಾಸ ಲಕ್ಷದಲ್ಲೊಂದು ಪಾಲಿನಷ್ಟು.

ಪಿಯುಸಿ ಫಿಸಿಕ್ಸ್ ನೆನಪಿರುವವರು ಎಡವುವುದು ಇಲ್ಲೇ. ಒಂದೇ ತಾಪದಲ್ಲಿ ಸಮನಾಗಿ ಹರಡಿದ ಅನಿಲವೆಂದರೆ ಗರಿಷ್ಠ ಎಂಟ್ರೊಪಿಯಲ್ಲವೇ? ಡಬ್ಬಿಯೊಳಗಿನ ಅನಿಲಕ್ಕೆ ಹೌದು. ಗುರುತ್ವ ಮೇಲುಗೈ ಪಡೆಯುವಷ್ಟು ದೊಡ್ಡ ರಾಶಿಗೆ ಅಲ್ಲ. ಅದು ಮುದ್ದೆಗಟ್ಟಲೇ ಹವಣಿಸುತ್ತದೆ. ಮೋಡ ಕುಗ್ಗಿದಷ್ಟೂ ಬಿಸಿಯೇರಿ ಬೆಳಕು ಚೆಲ್ಲುತ್ತದೆ. ಮುದ್ದೆಯ ಎಂಟ್ರೊಪಿ ಇಳಿಯುತ್ತದೆ ನಿಜ, ಆದರೆ ಹೊರಟ ಬೆಳಕಿನಲ್ಲಿ ಅದಕ್ಕಿಂತ ಹೆಚ್ಚು ಏರಿರುತ್ತದೆ. ಆ ಬೆಳಕನ್ನು ಲೆಕ್ಕಕ್ಕೆ ಹಿಡಿಯದೆ, ಒಟ್ಟು ಎಂಟ್ರೊಪಿ ಇಳಿಯದು ಎನ್ನುವ ಉಷ್ಣಗತಿವಿಜ್ಞಾನದ ಎರಡನೆಯ ನಿಯಮವೇ ಮುರಿಯಿತೆಂದು ಗಾಬರಿಯಾಗುವವರೂ ಇದ್ದಾರೆ.

ಮುದ್ದೆಗಟ್ಟುವಿಕೆಯ ಕೊನೆಯ ಮೆಟ್ಟಿಲು ಕಪ್ಪುಕುಳಿ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನೇ (ಸಮಾಧಿಯ ಸೂತ್ರದಲ್ಲಿ ಲಾಗರಿದಮ್ಮಿನ ಮುಂದಿರುವ ಸಂಖ್ಯೆ) ಅಳತೆಯಾಗಿಟ್ಟರೆ ಸೂರ್ಯನ ಎಂಟ್ರೊಪಿ ಸುಮಾರು 10⁵⁸. ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯದು 10⁷⁷. ದ್ರವ್ಯರಾಶಿ ಇಮ್ಮಡಿಯಾದರೆ ಇದು ನಾಲ್ಮಡಿಯಾಗುತ್ತದೆ. ಹಾಗಾಗಿ ಕ್ಷೀರಪಥದ ನಡುವೆ ಕೂತಿರುವ, 40 ಲಕ್ಷ ಸೂರ್ಯರಷ್ಟು ಭಾರದ ಒಂದೇ ಒಂದು ಕಪ್ಪುಕುಳಿಯ ಪಾಲು 10⁹⁰ ದಾಟುತ್ತದೆ. ನಮಗೆ ಕಾಣುವಷ್ಟು ವಿಶ್ವದಲ್ಲಿ ತುಂಬಿರುವ ಆ ಹಳೆಯ ಬೆಳಕೆಲ್ಲ ಸೇರಿದರೂ ಅಷ್ಟಾಗದು. ಇಡೀ ದ್ರವ್ಯವೇ ಒಂದು ಕುಳಿಯೊಳಗೆ ಬಿದ್ದಿದ್ದರೆ? ಭೌತವಿಜ್ಞಾನಿ ರೋಜರ್ ಪೆನ್ರೋಸ್ ಲೆಕ್ಕ ಹಾಕಿದ್ದಾರೆ: 10¹²³.

ಅಷ್ಟೆಲ್ಲ ಮುದ್ದೆಗಟ್ಟಲು ಅವಕಾಶವಿದ್ದೂ ದ್ರವ್ಯ ಮೊದಲಿಗೆ ದೋಸೆಹಿಟ್ಟಿನಂತೆ ನುಣ್ಣಗೆ ಹರಡಿಕೊಂಡಿತ್ತು. ಅದು ನಿಧಾನವಾಗಿ ಗಂಟುಕಟ್ಟಿದ್ದರಿಂದಲೇ ಕತ್ತಲ ಆಕಾಶದಲ್ಲೊಂದು ಬಿಸಿ ಚುಕ್ಕೆಯಾಗಿ ಸೂರ್ಯನಿದ್ದಾನೆ. ಅವನಿಂದ ಭೂಮಿಗೆ ಬರುವ ಒಂದೊಂದು ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಪ್ರತಿಯಾಗಿ ಇಲ್ಲಿಂದ ಸುಮಾರು ಇಪ್ಪತ್ತು ಅವಕೆಂಪು ಫೋಟಾನುಗಳು ಹೊರಡುತ್ತವೆ. ಬಂದ ಶಕ್ತಿಗೂ ಹೋದ ಶಕ್ತಿಗೂ ಹೆಚ್ಚುಕಡಿಮೆ ಸರಿಸಮ, ಏರುವುದು ಎಂಟ್ರೊಪಿ. ಭತ್ತದ ಗರಿ ಹಸಿರಾಗಿ ಬೆಳೆಯುವುದು ಒಂದು ಇಪ್ಪತ್ತಾಗುವ ಈ ವಹಿವಾಟಿನಲ್ಲಿ.