ಸನ್ನೆ ಭಾಷೆಯ ದುಭಾಷಿಗೆ ಸಂಬಳ ಕೊಡುವವರು ಯಾರು?

ಅಪ್ಪ-ಅಮ್ಮ ಇಬ್ಬರೂ ಕಿವುಡರಾದರೆ, ಕಿವಿ ಕೇಳುವ ಮಗುವೇ ಆಸ್ಪತ್ರೆಯಲ್ಲೂ ಬ್ಯಾಂಕಿನಲ್ಲೂ ಠಾಣೆಯಲ್ಲೂ ದುಭಾಷಿ. ಅದು ಬಿಟ್ಟರೆ ಕಿವುಡರ ಶಾಲೆಯ ಮೇಷ್ಟ್ರು, ಇಲ್ಲವೇ ಚರ್ಚಿನ ಪಾದ್ರಿ. 1960ರ ದಶಕದವರೆಗೆ ಹೆಚ್ಚಿನ ದೇಶಗಳಲ್ಲಿ ಇದ್ದದ್ದು ಇಷ್ಟೇ. ಕೆಲಸಕ್ಕೆ ಕೂಲಿ ಇರಲಿಲ್ಲ, ಹಾಗಾಗಿ ತರಬೇತಿಯ ಮಾತೂ ಏಳಲಿಲ್ಲ.

ಅಮೆರಿಕದ ದುಭಾಷಿಗಳ ಸಂಘ ಆರ್‌ಐಡಿ ಹುಟ್ಟಿದ್ದು 1964ರಲ್ಲಿ, ಇಂಡಿಯಾನಾದ ಒಂದು ಕಾರ್ಯಾಗಾರದಲ್ಲಿ. ಅದಕ್ಕೆ ಬಲ ಬಂದದ್ದು ಮಾತ್ರ ಕಾನೂನಿನಿಂದ. 1973ರ ಪುನರ್ವಸತಿ ಕಾಯ್ದೆ ಮತ್ತು 1990ರ ಅಂಗವಿಕಲರ ಕಾಯ್ದೆ ದುಭಾಷಿಯ ಖರ್ಚನ್ನು ಕಿವುಡರ ಮೇಲಿಂದ ಇಳಿಸಿ ಆಸ್ಪತ್ರೆ, ಕಾಲೇಜು, ಕೋರ್ಟುಗಳ ಮೇಲೆ ಹಾಕಿದವು. ಹಣ ಖಾತ್ರಿಯಾದ ಮೇಲೆ ಕೋರ್ಸುಗಳು ಬೆಳೆದವು. 2012ರಿಂದ ಕಿವಿ ಕೇಳುವ ಅಭ್ಯರ್ಥಿ ಆರ್‌ಐಡಿ ಪರೀಕ್ಷೆಗೆ ಕೂರಲು ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು.

ಫಿನ್ಲೆಂಡಿನ ದಾರಿ ಬೇರೆ, ನನ್ನ ಮಟ್ಟಿಗೆ ಅದೇ ಹೆಚ್ಚು ಗಟ್ಟಿ. ಅಲ್ಲಿ ಹಕ್ಕನ್ನು ಗಂಟೆಗಳಲ್ಲಿ ಅಳೆಯುತ್ತಾರೆ: ಕಿವುಡರಿಗೆ ವರ್ಷಕ್ಕೆ ಕನಿಷ್ಠ 180 ಗಂಟೆ, ಕಣ್ಣು-ಕಿವಿ ಎರಡರ ತೊಂದರೆಯೂ ಇದ್ದವರಿಗೆ 360. 2010ರಿಂದ ಈ ಸೇವೆಯ ಹೊಣೆ ಸಾಮಾಜಿಕ ವಿಮಾ ಸಂಸ್ಥೆ ಕೇಲಾದ್ದು. ಇಷ್ಟು ಗಂಟೆ ಕೊಡಲೇಬೇಕೆಂದಾಗ ಜನ ಬೇಕು; ದುಭಾಷಿ ಪದವಿ ಅಲ್ಲಿ ನಾಲ್ಕು ವರ್ಷದ್ದು, 240 ಕ್ರೆಡಿಟ್. ಜಪಾನಿನಲ್ಲಿ ಸ್ವಯಂಸೇವಕರಿಂದ ಆರಂಭವಾಗಿ 1989ಕ್ಕೆ ಮಾನ್ಯತಾ ಪರೀಕ್ಷೆ ಬಂತು. ಬಿಡುವಿಲ್ಲದೆ ಕೈಯಾಡಿಸಿ ಕುತ್ತಿಗೆ, ಭುಜ, ತೋಳಿಗೆ ಬರುವ ನೋವನ್ನು ವೃತ್ತಿಯ ಕಾಯಿಲೆಯೆಂದು ಗಂಭೀರವಾಗಿ ಎತ್ತಿಕೊಂಡವರೂ ಅಲ್ಲಿನವರೇ.

ಇಷ್ಟು ವರ್ಷ ಕಲಿಯುವುದು ಏನನ್ನು? ಸನ್ನೆ ಬಂದರೆ ಸಾಲದು, ತಡೆದು ನಿಲ್ಲಲು ಬರಬೇಕು. ಮಾತಿಗೂ ಸನ್ನೆಗೂ ನಡುವೆ ಎರಡು ಸೆಕೆಂಡಷ್ಟೇ ಬಿಟ್ಟವರು ನಾಲ್ಕು ಸೆಕೆಂಡು ಬಿಟ್ಟವರಿಗಿಂತ ಎರಡು ಪಟ್ಟಿಗೂ ಹೆಚ್ಚು ತಪ್ಪು ಮಾಡಿದ್ದನ್ನು ಅಮೆರಿಕದ ಸಂಶೋಧಕ ಡೆನಿಸ್ ಕೋಕ್ಲಿ 1986ರಲ್ಲೇ ತೋರಿಸಿದರು. ಕನ್ನಡದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ‘ಅವರು ನಿನ್ನೆ ಅಂಗಡಿಗೆ ಬಂದು ನನಗೆ ದುಡ್ಡು ಕೊಡಲಿಲ್ಲ’ ಎಂಬಲ್ಲಿ ‘ಇಲ್ಲ’ ಬರುವುದು ಕಟ್ಟಕಡೆಗೆ. ಅವಸರಪಟ್ಟ ದುಭಾಷಿ ಅಷ್ಟರಲ್ಲಿ ದುಡ್ಡು ಕೊಡಿಸಿಯೇ ಬಿಟ್ಟಿರುತ್ತಾನೆ! ಇನ್ನು ದಣಿವು: ಉದ್ದದ ಸಭೆಗೆ ಇಬ್ಬರು ಬೇಕು, 20-30 ನಿಮಿಷಕ್ಕೊಮ್ಮೆ ಬದಲಾಗಬೇಕು. ಸುಮ್ಮನೆ ಕೂತಂತೆ ಕಾಣುವ ಎರಡನೆಯವರು ತಪ್ಪಿದ ಹೆಸರು, ಅಂಕಿ ಹಿಡಿದುಕೊಡುತ್ತಿರುತ್ತಾರೆ. ಬಿಲ್ ಕಟ್ಟುವವರಿಗೆ ಅದು ದಂಡದ ಖರ್ಚಾಗಿ ಕಾಣುತ್ತದೆ.

ಸನ್ನೆ ಬಾರದವರೇ ದುಭಾಷಿಯನ್ನು ಗೊತ್ತುಮಾಡಿದರೆ ಏನಾಗುತ್ತದೆಂದು 2013ರ ಡಿಸೆಂಬರ್‌ನಲ್ಲಿ, ಮಂಡೇಲಾ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಜಗತ್ತೇ ನೋಡಿತು. ವೇದಿಕೆಯ ಮೇಲಿನವನ ಕೈಯಾಟಕ್ಕೆ ಅರ್ಥವಿಲ್ಲವೆಂದು ಮೊದಲು ಕೂಗಿದವರು ಕಿವುಡರು.

ಭಾರತದಲ್ಲಿ ಕಿವುಡರಿಗಾಗಿ ಇರುವ ಮುಂಬೈಯ ಅಲಿ ಯಾವರ್ ಜಂಗ್ ಸಂಸ್ಥೆಯ ಎ, ಬಿ, ಸಿ ಹಂತದ ಅಲ್ಪಾವಧಿ ಕೋರ್ಸುಗಳಿದ್ದವು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಬಂತು. ಈಗಿನ ಡಿಪ್ಲೊಮಾ ಪಿಯುಸಿ ನಂತರ ಎರಡು ವರ್ಷದ್ದು. ತೊಡಕಿರುವುದು ಕಾನೂನಿನ ಪದಗಳಲ್ಲಿ. ಮಾತಾಡಲಾಗದ ಸಾಕ್ಷಿಗೆ ‘ದುಭಾಷಿ ಅಥವಾ ವಿಶೇಷ ಶಿಕ್ಷಕ’ರ ನೆರವು ಪಡೆದು ಹೇಳಿಕೆಯನ್ನು ವಿಡಿಯೊ ಮಾಡಬೇಕೆಂದು ಸಾಕ್ಷ್ಯ ಕಾಯ್ದೆಯ 2013ರ ತಿದ್ದುಪಡಿ ಹೇಳಿತು. ಆ ‘ಅಥವಾ’ದಿಂದಾಗಿ ಹಳೆಯ ಮೇಷ್ಟ್ರ ಪದ್ಧತಿಗೇ ಕಾನೂನಿನ ಮುದ್ರೆ ಬಿತ್ತು. ಪಾಠ ಹೇಳುವವರಿಗೆ ವಿದ್ಯಾರ್ಥಿಯ ಮಾತನ್ನು ತಿದ್ದಿ, ಸರಳ ಮಾಡಿ ಹೇಳುವ ಅಭ್ಯಾಸ. ಸಾಕ್ಷ್ಯದಲ್ಲಿ ಅದೇ ದೋಷ.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ವಾದಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸನ್ನೆ ಭಾಷೆಯ ಪ್ರಸ್ತಾಪವಿದೆ, ನ್ಯಾಯ ಪಡೆಯುವ ಹಕ್ಕಿದೆ. ತಲೆಗೆ ಇಷ್ಟು ಗಂಟೆ ಎಂಬ ಲೆಕ್ಕ ಮಾತ್ರ ಇಲ್ಲ.